ಒಂದೇ ಸೀಟು, ಎರಡು ಡಬ್ಬಿ

ಡೆನ್ವರಿನಲ್ಲಿ ಆ ಏಪ್ರಿಲ್ ಶನಿವಾರ ಸುರಿದ ಹಿಮಕ್ಕೆ ವಿಮಾನಗಳು ಮಾತ್ರವಲ್ಲ, ಗಡಿಯಾರದ ಮುಳ್ಳುಗಳೂ ಹೆಪ್ಪುಗಟ್ಟಿದ್ದವು. ಎಲ್ಲ ಮುಳ್ಳುಗಳೂ ಅಲ್ಲ ಅನ್ನುವುದೇ ಒಫೀಲಿಯಾಳ ಸಂಕಟ. ವಿಮಾನ ಹೊರಡುವ ಹೊತ್ತು ಕಂಬಕ್ಕೆ ಕಟ್ಟಿದ ಎತ್ತಿನ ಹಾಗೆ ನಿಂತಲ್ಲೇ ನಿಂತಿತ್ತು. ಎಲ್ ಪಾಸೋದ ಸಂಜೆ ಏಳು ಗಂಟೆ ಮಾತ್ರ ಕುದುರೆ ಏರಿ ಬರುತ್ತಿತ್ತು.

ಏಳಕ್ಕೆ ಮಾರಿಸೋಲಳ ಷೂ ಶಾಸ್ತ್ರ. ಹುಡುಗಿಗೆ ಹದಿನೈದು ತುಂಬಿತು, ಅವರ ಕಡೆ ಅದೇ ದೊಡ್ಡ ಹಬ್ಬ. ನೆಂಟರೆಲ್ಲ ನೆರೆದ ಛತ್ರದಲ್ಲಿ ಅಪ್ಪ ಮಂಡಿಯೂರಿ ಮಗಳ ಚಪ್ಪಟೆ ಷೂ ಬಿಚ್ಚಬೇಕು, ಅವಳ ಬದುಕಿನ ಮೊದಲ ಎತ್ತರದ ಹಿಮ್ಮಡಿಯ ಷೂ ತೊಡಿಸಬೇಕು. ಅಪ್ಪ ರೊಹೇಲಿಯೊ ತೀರಿಹೋಗಿ ಎರಡು ವರ್ಷ. ಅವನ ಜಾಗದಲ್ಲಿ ಮಂಡಿಯೂರಬೇಕಾದವನು ತಮ್ಮ ಎಫ್ರಾಯಿನ್, ಅಂದರೆ ಒಫೀಲಿಯಾಳ ಗಂಡ. ನೆಂಟರಲ್ಲಿ ಒಬ್ಬರು ಕೇಕು ವಹಿಸಿಕೊಂಡರು, ಒಬ್ಬರು ವಾದ್ಯದವರನ್ನು. ಒಫೀಲಿಯಾ ಜಗಳವಾಡಿ ಷೂ ದಕ್ಕಿಸಿಕೊಂಡಿದ್ದಳು. "ನಾನ್ ತರೋ ಷೂ ನೋಡಿ ಎಲ್ ಪಾಸೋದ ಅರ್ಧ ಹೆಣ್ಮಕ್ಕಳು ನಾಚಿಕೆಯಿಂದ ಬರಿಗಾಲಲ್ಲಿ ಮನೆಗೆ ಹೋಗ್ತಾರೆ" ಎಂದು ಒಂದು ವರ್ಷ ಫೋನಿನಲ್ಲಿ ಕೊಚ್ಚಿಕೊಂಡಿದ್ದಳು.

ಅಂಥ ಷೂವನ್ನು ಲಗೇಜಿಗೆ ಹಾಕುವುದುಂಟೆ? ಸಿಯಾಟಲ್‌ನಿಂದಲೇ ಕೈಚೀಲದಲ್ಲಿಟ್ಟು ಮಡಿಲಲ್ಲಿ ಹೊತ್ತು ತಂದಿದ್ದಳು. ಬೆಳ್ಳಿ ಬಣ್ಣ, ಆರನೇ ಅಳತೆ. ಎರಡನೇ ಜೊತೆ ಅರ್ಧ ಬೆಲೆಗೆ ಸಿಗುತ್ತದೆಂದು ಅದೇ ಅಂಗಡಿಯಲ್ಲಿ ತನಗೂ ಕೆಂಪನೆಯದೊಂದು ಜೊತೆ ಕೊಂಡಿದ್ದಳು. ಅದೂ ಅಂಥದೇ ಡಬ್ಬಿಯಲ್ಲಿ, ಅದೇ ಚೀಲದ ತಳದಲ್ಲಿ ಬೆಚ್ಚಗಿತ್ತು.

ಡೆನ್ವರಿನಲ್ಲಿ ಬದಲಿಸಬೇಕಿದ್ದ ಶುಕ್ರವಾರ ಸಂಜೆಯ ವಿಮಾನ ಹಿಮ ಶುರುವಾದೊಡನೆ ರದ್ದಾಯಿತು. ಬೆಳಗಿನ ಏಳರದ್ದು ಒಂಬತ್ತಕ್ಕೆ ಹೋಯಿತು, ಒಂಬತ್ತು ಹತ್ತೂಮುಕ್ಕಾಲಾಯಿತು, ಆಮೇಲೆ ಅದೂ ರದ್ದು. ಪ್ರತಿ ಸಲವೂ ಧ್ವನಿವರ್ಧಕದ ಹೆಣ್ಣು ದನಿ ಕ್ಷಮೆ ಕೇಳಿತು. ಅಷ್ಟು ಕ್ಷಮೆಯನ್ನು ನೂರು ವರ್ಷದ ಪಾದ್ರಿ ಕೂಡ ಪಾಪ ಒಪ್ಪಿಸುವ ಕುಂಬಸಾರದ ಗೂಡಿನಲ್ಲಿ ಕೇಳಿರಲಿಕ್ಕಿಲ್ಲ. ಕಾರಿನಲ್ಲಿ ಹೋಗೋಣವೆಂದರೆ ಹತ್ತು ತಾಸಿನ ದಾರಿ, ಅದೂ ಹಿಮದಡಿ ಮುಚ್ಚಿತ್ತು. ಉಳಿದದ್ದು ಮೂರೂವರೆಯ ವಿಮಾನವೊಂದೇ. ಅದರ ಕಾಯುವವರ ಪಟ್ಟಿಯಲ್ಲಿ ಮೊದಲ ಮೂರು ಹೆಸರು ಇವರದೇ: ಒಫೀಲಿಯಾ, ಎಫ್ರಾಯಿನ್, ಅತ್ತೆ ತೆಯೋದೋರಾ.

"ಬೆಳಿಗ್ಗೆಯಿಂದ ಆ ವಿಮಾನದ ವೇಳೆಯ ಹಲಗೆ ನುಂಗೋ ಹಾಗೆ ನೋಡ್ತಿದ್ದೀಯಲ್ಲೇ, ಹೊಟ್ಟೆ ತುಂಬ್ತಾ?" ಎಂದರು ಅತ್ತೆ. ಸೊಸೆಯ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ, ಒಳಗಿದ್ದದ್ದನ್ನೆಲ್ಲ ಬೆಂಚಿನ ಮೇಲೆ ಹರವಿ, ತಾವೇ ಮಾಡಿ ತಂದಿದ್ದ ಬುರಿಟೋ ರೊಟ್ಟಿಸುರುಳಿಗಳನ್ನು ಹುಡುಕಿ ತೆಗೆದರು. ಎಲ್ಲರೂ ತಿಂದ ಮೇಲೆ ಎಲ್ಲವನ್ನೂ ಮತ್ತೆ ತುಂಬಿಟ್ಟರು.

ಮೂರೂ ಹತ್ತಕ್ಕೆ ಗೇಟಿನ ಹುಡುಗಿ ಕರೆದಳು. "ಒಂದು ಸೀಟಿದೆ. ಬಾಗಿಲು ಹಾಕೋಕೆ ನಾಲ್ಕು ನಿಮಿಷ. ಯಾರು ಹೋಗ್ತೀರಿ?"

"ನಾನು" ಎಂದರು ಅತ್ತೆ. "ನನ್ನ ಮೊಮ್ಮಗಳು."

"ನೀನೇ ಹೋಗು" ಎಂದ ಎಫ್ರಾಯಿನ್ ಹೆಂಡತಿಗೆ. "ವರ್ಷದಿಂದ ಕುಣೀತಿದ್ದೀಯ." ಅವನ ದನಿಯಲ್ಲಿ ಔದಾರ್ಯಕ್ಕಿಂತ ಪುಕ್ಕಲುತನ ಹೆಚ್ಚಿತ್ತು. ಅಣ್ಣನ ಮಣ್ಣಿನಲ್ಲೂ ಕಣ್ಣು ಒದ್ದೆ ಮಾಡಿಕೊಳ್ಳದ ಆಳು, ಅಣ್ಣನ ಮಗಳ ಮುಂದೆ ಮಂಡಿಯೂರಬೇಕಲ್ಲ ಎಂದು ಒಂದು ತಿಂಗಳಿಂದ ನಿದ್ದೆಗೆಟ್ಟಿದ್ದ.

ಒಫೀಲಿಯಾಳ ನಾಲಿಗೆಯ ತುದಿಯಲ್ಲಿ 'ಹೂಂ' ನಿಂತಿತ್ತು. ಹೊಸ ಉಡುಪು, ವರ್ಷದ ಜಂಬ, ಛತ್ರದ ತುಂಬ ಚಪ್ಪಾಳೆ, ಎಲ್ಲ ಆ ಒಂದಕ್ಷರದ ಹಿಂದೆ ಸಾಲುಗಟ್ಟಿದ್ದವು. ನಾಲ್ಕು ನಿಮಿಷದಲ್ಲಿ ಒಂದು ಕಳೆಯಿತು.

"ತೊಡಿಸೋನೇ ಇಲ್ದೆ ಷೂ ಒಂದೇ ಹೋಗಿ ಏನ್ ಮಾಡುತ್ತೆ?" ಎಂದು ಚೀಲದಿಂದ ಮೇಲಿನ ಡಬ್ಬಿ ಎಳೆದು ಗಂಡನ ಎದೆಗೆ ಒತ್ತಿದಳು. "ಓಡು ಡುಮ್ಮ! ಕೆಳಗಿಟ್ಟೆಯೋ, ನೀನೂ ಅಲ್ಲೇ ಇರು, ಮನೆಗೆ ಬರ್ಬೇಡ."

ಅವನು ಓಡಿದ. ಬಾಗಿಲು ಮುಚ್ಚಿತು.

ಅತ್ತೆಗೆ ಚಳಿಯಾಯಿತೆಂದು ಶಾಲು ತೆಗೆಯಲು ಒಫೀಲಿಯಾ ಚೀಲ ಬಗ್ಗಿಸಿದಳು. ಉಳಿದ ಡಬ್ಬಿಯ ಮುಚ್ಚಳ ಜಾರಿತು. ಒಳಗೆ ಬೆಳ್ಳಿ ಮಿನುಗಿತು.

ಅವಳು ಚೀರಿದ ಚೀರಿಗೆ ಮೂರು ಗೇಟಿನಾಚೆ ಮಲಗಿದ್ದ ಕೂಸು ಎದ್ದು ಕೂತಿತು. ಗಾಜಿಗೆ ಎರಡೂ ಕೈಯಿಂದ ಬಡಿದಳು. ವಿಮಾನ ಹಿಂದೆ ಸರಿಯುತ್ತಿತ್ತು. ಎಫ್ರಾಯಿನ್‌ನ ಫೋನು ಆಗಲೇ ಆರಿತ್ತು.

"ಮುಚ್ಚಿದ ಮೇಲೆ ತೆಗೆಯೋದು ನನ್ನ ಕೈಲಿಲ್ಲಮ್ಮ" ಎಂದಳು ಗೇಟಿನ ಹುಡುಗಿ.

"ಚೀಲ ಕೆದಕಿ ಡಬ್ಬಿ ಅದಲು ಬದಲು ಮಾಡಿದ್ಯಾರು?" ಎಂದು ಒಫೀಲಿಯಾ ಅತ್ತೆಯ ಕಡೆ ತಿರುಗಿದಳು. "ಬುರಿಟೋ ಬುರಿಟೋ ಅಂತ ಪ್ರಾಣ ತಿಂದಿದ್ಯಾರು?"

"ಎರಡು ತಿಂದು ಮೂರನೇದಕ್ಕೆ ಕೈ ಹಾಕಿದ್ಯಾರು?" ಎಂದರು ಅತ್ತೆ.

ಆಮೇಲಿನ ಎರಡು ತಾಸು ಅತ್ತೆ ಸೊಸೆ ಒಂದೇ ಬೆಂಚಿನಲ್ಲಿ ಎರಡು ದೇಶಗಳ ಹಾಗೆ ಕೂತಿದ್ದರು. ಒಫೀಲಿಯಾಳ ಕಣ್ಣ ಮುಂದೆ ಒಂದೇ ಚಿತ್ರ: ಇನ್ನೂರು ಜನ, ತೆರೆದ ಡಬ್ಬಿ, ಹುಡುಗಿಯ ಮುಖ. ಅಪ್ಪನಿಲ್ಲದ ಕುರ್ಚಿಯನ್ನು ಹೇಗೋ ದಾಟಿ ಬಂದವಳಿಗೆ ಈಗ ಇದೂ.

ಐದೂ ಇಪ್ಪತ್ತೈದಕ್ಕೆ ಎಫ್ರಾಯಿನ್ ಸಿಕ್ಕಿದ. ಒಫೀಲಿಯಾ ಒಂದೇ ಉಸಿರಿಗೆ ಹೇಳಿದಳು. ಆ ಕಡೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

"ನಿಂದು ಎಷ್ಟನೇ ಅಳತೆ?"

"ಒಂಬತ್ತು. ದಾರೀಲಿ ಅಂಗಡಿ ಸಿಕ್ಕಿದ್ರೆ ನಿಲ್ಸು, ಡುಮ್ಮ. ಬೇರೆ ಕೊಳ್ಳು. ನನ್ನ ಹೆಸರು ಹೇಳ್ಬೇಡ, ಷೂ ಕಳೆದುಹೋಯ್ತು ಅನ್ನು, ನಾನು ಸತ್ತೆ ಅನ್ನು."

"ಮಾರಿಸೋಲಳನ್ನೇ ಕೇಳ್ತೀನಿ" ಎಂದು ಫೋನಿಟ್ಟ.

ಏಳಾಯಿತು. ಏಳೂ ಐದು. ಏಳೂ ಹತ್ತಕ್ಕೆ ಫೋನಿನಲ್ಲಿ ಛತ್ರ ತೆರೆದುಕೊಂಡಿತು. ಕುರ್ಚಿಯ ಮೇಲೆ ಮಾರಿಸೋಲ್, ಅವಳ ಉಡುಪಿನ ಘೇರು ಅರ್ಧ ಛತ್ರ ಆಕ್ರಮಿಸಿತ್ತು. ಮುಂದೆ ಮಂಡಿಯೂರಿದ ಎಫ್ರಾಯಿನ್, ಕೈಯಲ್ಲಿ ದೋಣಿಯಷ್ಟು ದೊಡ್ಡ ಕೆಂಪು ಷೂ. ಒಫೀಲಿಯಾ ಕಣ್ಣು ಮುಚ್ಚಿದಳು. ಅತ್ತೆ ಅವಳ ತೊಡೆ ಚಿವುಟಿದರು. "ನೋಡೇ!"

ಅವನು ಷೂವಿನ ಮೂತಿಗೆ ಕಾಗದದ ಕರವಸ್ತ್ರ ತುರುಕುತ್ತಿದ್ದ.

"ಸಾಕಾ?"

"ಇನ್ನೆರಡು ಹಾಕು ಚಿಕ್ಕಪ್ಪ, ಚಿಕ್ಕಮ್ಮನ ಕಾಲು ಏನ್ ಸಾಮಾನ್ಯದ್ದಾ?"

ಛತ್ರ ಗೊಳ್ಳೆಂದಿತು. ಎಫ್ರಾಯಿನ್ ನಗಲು ಹೋಗಿ, ಎರಡು ವರ್ಷ ಹಿಡಿದಿಟ್ಟದ್ದನ್ನೆಲ್ಲ ಹುಡುಗಿಯ ಪಾದದ ಮೇಲೆ ಬಿಕ್ಕಿಬಿಟ್ಟ. ಅವಳು ಬಗ್ಗಿ ಅವನ ತಲೆ ಹಿಡಿದುಕೊಂಡಳು. ಆಮೇಲೆ ಅವನ ಹೆಗಲಿಗೆ ಕೈ ಊರಿ ಎದ್ದಳು. ಓಲಾಡಿದಳು. ನಿಂತಳು.

ಅತ್ತೆ ಬೆಳ್ಳಿ ಷೂ ಎತ್ತಿ ಫೋನಿಗೆ ತೋರಿಸಿದರು. "ಮಗಳೇ, ನಿಂದು ಇಲ್ಲಿದೆ ನೋಡು! ಈ ಪೆದ್ದಿ—" ಪಕ್ಕದ ಸೊಸೆಯನ್ನು ನೋಡಿದರು. "ನಾನೇ ಅದಲು ಬದಲು ಮಾಡ್ದೆ."

"ಅದು ನೀವು ಬಂದಾಗ, ಅಜ್ಜಿ. ಚಿಕ್ಕಮ್ಮಾ, ಅಲ್ಲೀವರೆಗೂ ಇದನ್ನ ಬಿಚ್ಚಲ್ಲ."

ಧ್ವನಿವರ್ಧಕ ಮತ್ತೆ ಕ್ಷಮೆ ಕೇಳಿತು. ಎಂಟರ ವಿಮಾನವೂ ರದ್ದು. ಒಫೀಲಿಯಾ ತಲೆ ಎತ್ತಲಿಲ್ಲ, ಹುಡುಗಿ ಕುಣಿಯುತ್ತಿದ್ದಳು.

ಮರುದಿನ ಮಧ್ಯಾಹ್ನ ಎಲ್ ಪಾಸೋದ ನಿಲ್ದಾಣದಲ್ಲಿ ಅತ್ತೆ ಸೊಸೆ ಮೆಟ್ಟಿಲಿಳಿಯುವಾಗ, ಜನಜಂಗುಳಿಯ ಆಚೆಯಿಂದ ಮುಖಕ್ಕಿಂತ ಮೊದಲು ಸದ್ದು ಬಂತು: ಟಪ್, ಚರ್ರ್. ಟಪ್, ಚರ್ರ್.