ಬೀಳಲೊಲ್ಲದ ವಿಲನ್

ಸಿನಿಮಾ ಮುಗಿಯಬೇಕಾದರೆ ಅಪ್ಪ ಒಂದೇ ಒಂದು ಸಲ ಬೀಳಬೇಕಿತ್ತು. ಅಪ್ಪ ಬೀಳಲೊಲ್ಲ.

ಅಣ್ಣ ತೆಗೆಯುತ್ತಿದ್ದ ಸೂಪರ್‌ಹೀರೋ ಕಾಮಿಡಿಗೆ ತಂಗಿ ಕಡ್ಡಿಯೇ ನಾಯಕಿ. ಮೈಮೇಲೆ ಮಾಂಸವಿಲ್ಲವೆಂದು ಮನೆಯವರು ಇಟ್ಟ ಹೆಸರು ಅದು. ಹಳೆಯ ಕಾರಿನ ಹೊದಿಕೆಯನ್ನು ಕತ್ತರಿಸಿ ಬೆನ್ನಿಗೆ ಕಟ್ಟಿದ್ದರು. ತೂತು ಬಿದ್ದ ಟ್ಯೂಬಿನ ರಬ್ಬರಿನಿಂದ ಮುಖವಾಡ. ವಿಲನ್ ಪಾತ್ರಕ್ಕೆ ಪುಕ್ಕಟೆ ಯಾರೂ ಸಿಗದೆ ಅಪ್ಪನನ್ನೇ ಹಿಡಿದು, ಅವನ ಟೈರ್ ಅಂಗಡಿಯ ಅಂಗಳದಲ್ಲೇ ಕೊನೆಯ ಹೊಡೆದಾಟ ಇಟ್ಟುಕೊಂಡಿದ್ದರು.

ಕ್ಯಾಮೆರಾ ಫೋಟೋ ಸ್ಟುಡಿಯೋದವನದು. ಅವನು ನಾಳೆ ಅಂಗಡಿ ಮುಚ್ಚಿ ಬೇರೆ ಊರಿಗೆ ಹೊರಟಿದ್ದ. ಇವತ್ತು ತಪ್ಪಿದರೆ ಅಣ್ಣ ವರ್ಷವಿಡೀ ಒದ್ದಾಡಿದ್ದೆಲ್ಲ ನೀರಿನಲ್ಲಿ ಹೋಮ.

ಕಡ್ಡಿ ತಳ್ಳಿದಳು. ಅಪ್ಪ ಕಂಬದಂತೆ ನಿಂತ.

"ಅಪ್ಪಾ, ಬಿದ್ದ ಹಾಗೆ ನಟನೆ ಮಾಡು ಅಂದೆನಲ್ಲ," ಎಂದ ಅಣ್ಣ.

"ಸೊಳ್ಳೆ ಕೂತ ಹಾಗಾಯ್ತು ಕಣೋ. ಇಷ್ಟಕ್ಕೆ ಬಿದ್ರೆ ಜನ ನಗ್ತಾರೆ."

"ನಗಲಿ ಅಂತಲೇ ತೆಗೀತಿರೋದು."

"ನನ್ನ ನೋಡಿ ನಗಲಿ. ಇವಳು ಗೆದ್ದಿದ್ದು ಸುಳ್ಳು ಅಂತ ನಗಬಾರದು."

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಈ ಮನುಷ್ಯ ನನ್ನ ಒಂದು ಮಾತಿಗೂ ಬಗ್ಗಿದವರಲ್ಲ. ಇನ್ನು ಬೀಳ್ತಾರಾ?" ಎಂದಳು.

ಮತ್ತೆ ತಳ್ಳಿದ್ದಾಯಿತು, ಒದ್ದಿದ್ದಾಯಿತು. ಸಂಜೆಯ ಬಿಸಿಲು ಗೋಡೆಯ ನೆತ್ತಿಗೇರಿತು. ಸ್ಟುಡಿಯೋದವನು ಆಕಾಶ ನೋಡಿ, ಕ್ಯಾಮೆರಾದ ಚೀಲವನ್ನು ಹತ್ತಿರಕ್ಕೆಳೆದುಕೊಂಡ. ಅಣ್ಣನ ಕೆಳತುಟಿ ಅದುರುತ್ತಿದ್ದುದು ಕಡ್ಡಿಗೆ ಮಾತ್ರ ಕಾಣಿಸಿತು.

"ಅಣ್ಣಾ, ಕ್ಯಾಮೆರಾ ಓಡಲಿ," ಎಂದಳು. ದಿನವೆಲ್ಲ ಅವಳು ಆಡಿದ ಮೊದಲ ಮಾತು.

ಶಾಲೆ ಬಿಟ್ಟಾಗಿನಿಂದ ಆ ಅಂಗಳದ ಲಾರಿ ಟೈರುಗಳನ್ನು ಎತ್ತಿ ಒಟ್ಟುತ್ತಿದ್ದವಳು ಅವಳೇ. ಈಗಲೂ ಅದೇ ರೀತಿ ಕುಕ್ಕರುಗಾಲಿನಲ್ಲಿ ಕೂತಳು, ಅಪ್ಪನ ಮೊಣಕಾಲಿನ ಹಿಂದೆ ಕೈ ಹಾಕಿದಳು, ಭಾರವನ್ನು ತೊಡೆಗೆ ತಂದುಕೊಂಡು ಅಲ್ಲಿಂದ ಹೆಗಲಿಗೆ ಏರಿಸಿದಳು. ಟೈರಿಗಿಂತ ಅಪ್ಪ ತುಸು ಭಾರ, ಅಷ್ಟೇ.

ತಲೆಕೆಳಗಾಗಿ ನೇತಾಡುತ್ತಿದ್ದ ವಿಲನ್ ಈಗ ನಾಯಕಿಗೆ ಶಾಪ ಹಾಕಬೇಕಿತ್ತು. ಅಪ್ಪ ಬೀದಿಯ ಕಡೆ ಕತ್ತು ಹೊರಳಿಸಿ, "ನೋಡ್ರಪ್ಪಾ, ನನ್ನ ಮಗಳು! ನನ್ನನ್ನೇ ಎತ್ತಿಬಿಟ್ಲು!" ಎಂದು ಕೂಗಿದ. ಪಕ್ಕದ ಕ್ಷೌರಿಕ ಕತ್ತರಿ ಹಿಡಿದೇ ಹೊರಗೆ ಬಂದ. ಅವನ ಹಿಂದೆ ಅರ್ಧ ಕೂದಲು ಕತ್ತರಿಸಿಕೊಂಡ ಗಿರಾಕಿ.

"ಅಪ್ಪಾ, ನೀನು ಅವಳನ್ನ ಬೈಬೇಕು," ಎಂದು ಅಣ್ಣ ಪಿಸುಗುಟ್ಟಿದ.

"ನಾಳೆ ಬೈತೀನಿ ಬಿಡೋ."

"ಬೆಳಕು ಹೋಯ್ತು," ಎಂದ ಸ್ಟುಡಿಯೋದವನು. "ಇನ್ನೊಂದು ಸಲ ಆಗಲ್ಲ."

"ಬೇಡ. ಇದೇ ಇರಲಿ." ಅಣ್ಣ ನಗುತ್ತಲೇ ಕಣ್ಣೊರೆಸಿಕೊಂಡ. "ಸೋತ ವಿಲನ್ ಹೀರೋನ ಹೊಗಳೋ ಸಿನಿಮಾ ಬೇರೆ ಎಲ್ಲಿದೆ?"

"ಇಳಿಸ್ಲಾ ಅಪ್ಪಾ?" ಎಂದು ಕಡ್ಡಿ ಮೆಲ್ಲನೆ ಕೇಳಿದಳು.

"ಇರೇ. ಎದುರುಮನೆಯವರು ಇನ್ನೂ ನೋಡಿಲ್ಲ. ಸ್ವಲ್ಪ ಆ ಕಡೆ ತಿರುಗು."

ಅವಳು ತಿರುಗಿದಳು.