ಗೋಡೆಗೆ ತಕ್ಕ ಸೀರೆ

ದೊಡ್ಡಆಲಹಳ್ಳಿಯ ಭಾನುಪ್ರಿಯ ಕನಕಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ಹದಿನಾಲ್ಕು ವರ್ಷದಿಂದ ಆಯಿಲ್ ಪೇಂಟಿನಲ್ಲಿ ತನ್ನೂರನ್ನೇ ಬರೆಯುತ್ತಿದ್ದಳು. ರೇಷ್ಮೆ ಸೊಪ್ಪು ಕೊಯ್ಯುವ ಹೆಂಗಸರು, ಹುಳು ಸಾಕುವ ಮನೆ, ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟ ಲಗೇಜ್ ಆಟೊ. ನೋಡಿದವರೆಲ್ಲ ಚೆನ್ನಾಗಿದೆ ಎಂದರು, ಕೊಂಡವರು ಯಾರೂ ಇಲ್ಲ. ಚಿತ್ರಗಳು ಒಂದೊಂದಾಗಿ ಅಟ್ಟ ಸೇರಿದವು.

ದಾರಿ ತೋರಿಸಿದ್ದು ಪೇಂಟ್ ಅಂಗಡಿ ನಡೆಸುವ ಗೆಳತಿ ದಿವ್ಯ. "ಈ ವರ್ಸ ತೋಟದ್ ಮನೆ ಕಟ್ಟೋರೆಲ್ಲ ಇದೇ ಬೂದುಹಸ್ರು ಕೇಳ್ತಾವ್ರೆ ಕಣೆ," ಎಂದು ಶೇಡ್ ಕಾರ್ಡಿನ ಒಂದು ಚೌಕದ ಮೇಲೆ ಬೆರಳಿಟ್ಟಳು. "ನೀನು ಸುಣ್ಣದ ಗೋಡೆಗೆ ಒರಗ್ಸಿ ಫೋಟೊ ತೆಗುದ್ರೆ ಅವ್ರಿಗೆ ತಮ್ ಮನೆ ಕಾಣಕಿಲ್ಲ. ಅವ್ರ್ ಗೋಡೆ ತೋರ್ಸು. ಅದ್ರ ಮೇಲೆ ನಿನ್ ಚಿತ್ರ ತೋರ್ಸು."

ಭಾನುಪ್ರಿಯಳಿಗೆ ಮೊದಲು ನಗು ಬಂತು. ಆದರೂ ಒಂದು ಡಬ್ಬಿ ಒಯ್ದು ನಡುಮನೆಯ ಒಂದು ಗೋಡೆಗೆ ತಾನೇ ಬಳಿದಳು. ಆ ಹಸಿರಿನ ಮುಂದೆ ಅವಳ ಕೆಂಪು, ಅರಿಶಿನಗಳು ಆಗಷ್ಟೇ ತೊಳೆದಿಟ್ಟಂತೆ ಕಂಡವು. ಫೋಟೊ ಇನ್‌ಸ್ಟಾಗ್ರಾಮಿಗೆ ಹಾಕಿದ ತಿಂಗಳೊಳಗೆ ನಾಲ್ಕು ಚಿತ್ರ ಹೋದವು. ಒಂದರಲ್ಲೂ ಅವಳು ಒಂದೆಳೆ ಬಣ್ಣ ಬದಲಿಸಿರಲಿಲ್ಲ.

ಆಮೇಲೆ ಬಂದದ್ದು ಸಿರಿಯ ಫೋನು. ಕನಕಪುರ ರಸ್ತೆಯಲ್ಲಿ ಏಳುತ್ತಿದ್ದ ಹೊಸ ರೆಸಾರ್ಟೊಂದಕ್ಕೆ ಒಳಾಂಗಣ ವಿನ್ಯಾಸ ಮಾಡುತ್ತಿದ್ದವಳು ಅವಳು. "ಮುಂದಿನ ಹಾಲ್‌ಗೆ ಐದಡಿ ಚಿತ್ರ ಬೇಕು ಮೇಡಂ. ನಮ್ಮದೂ ಅದೇ ಹಸಿರು ಗೋಡೆ."

ಭಾನುಪ್ರಿಯ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮನನ್ನು ಕೂರಿಸಿಕೊಂಡಳು. ಆ ಸಲ ಆಕೆಯ ರೇಷ್ಮೆ ಬೆಳೆ ಊರೇ ಬಂದು ನೋಡುವಂತೆ ಬಂದಿತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ತುಂಬ ಒತ್ತೊತ್ತಾಗಿ ಹಳದಿ ಗೂಡು. ಮೊಮ್ಮಗಳ ನಾಮಕರಣಕ್ಕೆ ತಂದ ಕೆಂಪು ಸೀರೆ ಉಟ್ಟು, ಆ ಚಂದ್ರಿಕೆಯ ಪಕ್ಕ ಐದು ಸಂಜೆ ಕೂತರು. ನಗಬೇಡ ಎಂದರೂ ನಗು ನಿಲ್ಲುತ್ತಿರಲಿಲ್ಲ. ಕೊನೆಗೆ ಭಾನುಪ್ರಿಯ ಆ ನಗುವನ್ನೇ ಬರೆದಳು. ಮುಗಿದ ಚಿತ್ರದ ಫೋಟೊ ತೆಗೆದಿಟ್ಟುಕೊಂಡು ರೆಸಾರ್ಟಿಗೆ ಕೊಟ್ಟಳು, ದುಡ್ಡೂ ಬಂತು.

ರೆಸಾರ್ಟಿನ ಪ್ರಾರಂಭೋತ್ಸವಕ್ಕೆ ಕರೆ ಬಂದಾಗ ಚಿಕ್ಕಲಕ್ಷ್ಮಮ್ಮನನ್ನೂ ಕರೆದುಕೊಂಡು ಹೋದಳು. ಆಕೆ ಅದೇ ಕೆಂಪು ಸೀರೆ ಉಟ್ಟು ಬಂದಿದ್ದರು.

ಹಾಲ್‌ನ ಗೋಡೆ ಹಸಿರಾಗಿರಲಿಲ್ಲ. ಮರಳಿನ ಬಣ್ಣಕ್ಕಿತ್ತು. ಸೋಫಾ, ಪರದೆ, ದೀಪದ ಬುರುಡೆ, ಎಲ್ಲವೂ ಮರಳು. ನಡುವೆ ಚಿತ್ರ. ಅದರೊಳಗಿನ ಸೀರೆಯೂ ಮರಳಿನ ಬಣ್ಣವೇ. ಹಳದಿ ಗೂಡುಗಳಿಗೆ ಒಂದೂ ಬಿಡದೆ ಬಿಳಿ ಮೆತ್ತಲಾಗಿತ್ತು.

ಚಿಕ್ಕಲಕ್ಷ್ಮಮ್ಮ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದರು.

"ಏನ್ ಮಗ ಇದು? ನನ್ ಗೂಡ್ಗೆ ಸುಣ್ಣಕಟ್ಟು ಬಡ್ದೈತಲ್ಲ!"

ಸುಣ್ಣಕಟ್ಟು ಎಂದರೆ ಹುಳು ಸುಣ್ಣದ ಕಡ್ಡಿಯಂತೆ ಬಿಳಿಚಿ ಸಾಯುವ ರೋಗ. ಇಡೀ ಬೆಳೆಯನ್ನು ತಿಪ್ಪೆಗೆ ಸುರಿಸುವ ರೋಗ.

ಸಿರಿ ನಗುತ್ತಲೇ ಬಂದಳು. "ಓನರ್ ಕೊನೇ ವಾರದಲ್ಲಿ ವಾಲ್ ಕಲರ್ ಚೇಂಜ್ ಮಾಡಿಸಿದ್ರು ಮೇಡಂ. ಕೆಂಪು ತುಂಬಾ ಕಣ್ಣಿಗೆ ಹೊಡೀತಾ ಇತ್ತು. ನಮ್ಮ ಪೇಂಟರ್ ಕೈಲಿ ಒಂಚೂರು ಟಚಪ್ ಮಾಡಿಸ್ದೆ."

"ನನ್ನನ್ನ ಒಂದ್ ಮಾತು ಕೇಳುದ್ರಾ?"

"ಟೈಮ್ ಇರ್ಲಿಲ್ಲ. ನೀವೇ ಟ್ರೆಂಡ್ ನೋಡಿ ಗೋಡೆ ಬಣ್ಣ ಮಾಡಿಸಿ ಫೋಟೊ ಹಾಕೋರು, ನಿಮಗೆ ಅರ್ಥ ಆಗುತ್ತೆ ಅಂದ್ಕೊಂಡೆ."

ಆ ಮಾತು ನೆಟ್ಟಗೆ ಎದೆಗೇ ನಾಟಿತು. ಭಾನುಪ್ರಿಯಳ ದನಿ ಏರಿತು. "ನಾನು ಬಣ್ಣ ಬಳ್ದಿದ್ದು ನಮ್ಮನೆ ಗೋಡೆಗೆ. ಮರಳಿಗೆ ಒಪ್ಪೋ ಚಿತ್ರ ನನ್ನತ್ರ ಮೂರವೆ. ಕೇಳಿದ್ರೆ ಅದುನ್ನೇ ತಂದ್ಕೊಡ್ತಿದ್ದೆ. ಬರ್ದಿರೋದ್ರ ಮೇಲೆ ಬಳ್ಸೋಕೆ ನೀವ್ಯಾರು?"

"ಕೊಂಡಿರೋದು ನಾವು ಮೇಡಂ. ನಿಮಗೇನೂ ಅವಮಾನ ಮಾಡಿಲ್ಲ. ನೋಡಿ, ಕೆಳಗೆ ನಿಮ್ಮ ಹೆಸರು ಹಾಗೇ ಇದೆ."

ಅತಿಥಿಗಳು ತಿರುಗಿ ನೋಡಿದರು. ರೆಸಾರ್ಟಿನ ಮಾಲೀಕ ಅನಂತರಾಜು ಲಗುಬಗೆಯಿಂದ ಬಂದ. ಕುದೂರಿನ ರೇಷ್ಮೆ ಬೇಸಾಯದ ಮನೆತನದವನು. "ಏನಮ್ಮ ಗಲಾಟೆ? ಬಣ್ಣ ತಾನೆ?"

ಉತ್ತರ ಕೊಟ್ಟದ್ದು ಚಿಕ್ಕಲಕ್ಷ್ಮಮ್ಮ. "ಬಣ್ಣ ತಾನೆ ಅಂದ್ರೆ? ರೇಷ್ಮೆ ಕಂಡೋರಲ್ವಾ ಸ್ವಾಮಿ ನೀವು? ಬೆಳೆ ಎಲ್ಲಾ ಸುಣ್ಣಕಟ್ಟಾಗಿ ಕುಂತೈತೆ, ಪಕ್ಕದಲ್ಲಿ ನಾನು ಹಲ್ ಕಿರ್ಕಂಡ್ ಕುಂತಿವ್ನಿ! ನೋಡ್ದೋರು ಇವ್ಳಿಗೆ ತಲೆ ಕೆಟ್ಟೈತೆ ಅನ್ನಾಕಿಲ್ವಾ?"

ಅನಂತರಾಜು ಚಿತ್ರದ ಕಡೆ ತಿರುಗಿದ. ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲವೇನೋ. ಮುಖ ಸಣ್ಣದಾಯಿತು. ಆದರೂ, "ಫಂಕ್ಷನ್ ಮುಗೀಲಿ, ಆಮೇಲ್ ನೋಡಾನ," ಎಂದು ಸಿರಿಯ ಕಡೆ ಹೊರಳಿದ.

ಆಮೇಲೆ ನೋಡುವುದು ಏನೂ ಇಲ್ಲವೆಂದು ಭಾನುಪ್ರಿಯಳಿಗೆ ಗೊತ್ತಾಯಿತು. ಬ್ಯಾಗಿನಿಂದ ಮನೆ ಬೀಗದ ಕೈ ತೆಗೆದು ಚಿತ್ರದ ಮುಂದೆ ಮಂಡಿಯೂರಿದಳು. "ಮೇಡಂ, ಪ್ಲೀಸ್!" ಎಂದು ಸಿರಿ ಕೂಗುತ್ತಿದ್ದಂತೆ ಮೂಲೆಯ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೆರೆದು ಹಾಕಿದಳು. ಬಿಳಿ ಕ್ಯಾನ್ವಾಸು ಕಂಡ ಮೇಲೆ ಎದ್ದಳು.

"ಚಿತ್ರ ನಿಮ್ದು. ಇಟ್ಕಳಿ."

ಇಬ್ಬರೂ ಊಟ ಮಾಡದೆ ಹೊರಟರು. ಆಟೊದಲ್ಲಿ ಚಿಕ್ಕಲಕ್ಷ್ಮಮ್ಮ ತಮ್ಮ ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಿಕೊಳ್ಳುತ್ತಿದ್ದರು. "ಇಂಥ ಸೀರೇನ ಬೂದಿ ಮಾಡ್ಬುಟ್ರಲ್ಲ ಮಗ," ಎಂದು ಮೂರು ಸಲ ಅಂದರು.

ಮರುದಿನ ಭಾನುಪ್ರಿಯ ಮೂಲ ಚಿತ್ರದ ಫೋಟೊ, ಹೊರಡುವ ಮುಂಚೆ ಮೊಬೈಲಿನಲ್ಲಿ ತೆಗೆದಿದ್ದ ಬಳಿದ ಚಿತ್ರದ ಫೋಟೊ ಎರಡನ್ನೂ ಅಕ್ಕಪಕ್ಕ ಇಟ್ಟು ಇನ್‌ಸ್ಟಾಗ್ರಾಮಿಗೆ ಹಾಕಿದಳು. ಯಾರ ಹೆಸರನ್ನೂ ಬರೆಯಲಿಲ್ಲ. ಸಿರಿ ಫೋನು ಮಾಡಿ ತೆಗೆಯಿರಿ ಎಂದಳು, ಬೇಡಿದಳು, ಬೈದಳು. ಇವಳು ತೆಗೆಯಲಿಲ್ಲ. ಮಾತಾಗಿದ್ದ ಎರಡು ಕೆಲಸ ಕೈ ತಪ್ಪಿದವು. ಜಗಳಗಂಟಿ ಎಂಬ ಹೆಸರೂ ಬಂತು. ಚಿತ್ರವನ್ನು ಇಳಿಸಿ ಸ್ಟೋರ್ ರೂಮಿಗೆ ಹಾಕಿದ್ದಾರೆಂದು ಯಾರೋ ಹೇಳಿದರು. ವಾಪಸು ಕೊಡಿ ಎಂದು ಎರಡು ಸಲ ಕೇಳಿದಳು. ಕೊಡಲಿಲ್ಲ. ಅದನ್ನು ನೆನೆದರೆ ಇಂದಿಗೂ ಅವಳ ಮೈ ಉರಿಯುತ್ತದೆ.

ಈಗ ಅವಳು ಕೊಡುವ ಪ್ರತಿ ರಸೀತಿಯ ಕೆಳಗೆ, ಕೇಳದೆ ಚಿತ್ರದ ಬಣ್ಣ ಮುಟ್ಟಕೂಡದು ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾಳೆ.

ಹೋದ ವಾರ ಮಾಗಡಿಯ ಹಲ್ಲಿನ ಡಾಕ್ಟರೊಬ್ಬರು ಮೆಸೇಜ್ ಮಾಡಿದ್ದರು. ಕ್ಲಿನಿಕ್ಕಿನ ಗೋಡೆ ತಿಳಿನೀಲಿಯಂತೆ, ಸೊಪ್ಪು ಕೊಯ್ಯುವವಳ ಸೀರೆಯನ್ನು ನೀಲಿ ಮಾಡಿಕೊಡಲಾಗುತ್ತದೆಯೇ ಎಂದು ಕೇಳಿದ್ದರು. ಭಾನುಪ್ರಿಯ ಕಿಡಿಕಾರುತ್ತ ಐದು ಸಾಲು ಒತ್ತಿದಳು. ಮತ್ತೆ ಓದಿ, ಕೇಳಿದ್ದಾರಲ್ಲ, ಇವರು ಕೇಳಿಯಾದರೂ ಕೇಳಿದ್ದಾರೆ ಎಂದುಕೊಂಡು ಅಷ್ಟನ್ನೂ ಅಳಿಸಿದಳು. "ಸೀರೆ ಬದಲಾಗಲ್ಲ ಸಾರ್. ಹಗಲು ಬೆಳಕಲ್ಲಿ ನಿಮ್ಮ ಗೋಡೆ ಫೋಟೊ ತೆಗೆದು ಕಳಿಸಿ," ಎಂದು ಬರೆದು, ತಿಳಿನೀಲಿಗೆ ಒಪ್ಪುವುದು ಯಾವುದಿದೆ ನೋಡೋಣವೆಂದು ಏಣಿ ಹತ್ತಿ ಅಟ್ಟದ ಚಿತ್ರಗಳನ್ನು ಒಂದೊಂದಾಗಿ ಇಳಿಸತೊಡಗಿದಳು.