ಹಾಳೂರಿನ ಹೂಂಕಾರ

ಇದು ನಿಜವಾಗಿ ನಡೆದ ಕಥೆ. ಸರಿಯಾಗಿ ಹೇಳಬೇಕೆಂದರೆ ಓಡಿದ, ಜಿಗಿದ, ಆಗಾಗ ಹೊಂಡಕ್ಕೆ ಬಿದ್ದ ಕಥೆ. ಯಾಕೆಂದರೆ ಇದರಲ್ಲಿ ಬರುವವರೆಲ್ಲ ಹೊಟ್ಟೆಪಾಡಿಗೆ ವಿಡಿಯೋ ಗೇಮ್ ಮಾಡುವವರು.

ಮೇಸ್ತ್ರಿಯಿಂದ ಶುರು ಮಾಡೋಣ. ಅವನು ಹುಟ್ಟಿದಾಗಿನಿಂದ ಒಂದು ಇಟ್ಟಿಗೆ ಎತ್ತಿದವನಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಕಲ್ಲಿಗೆ ಕಲ್ಲು ಜೋಡಿಸಿ ಆಟದ ಹಂತಗಳನ್ನು ಕಟ್ಟುತ್ತಿದ್ದನಾದ್ದರಿಂದ ಆಫೀಸಿನಲ್ಲಿ ಆ ಹೆಸರು ಅಂಟಿಕೊಂಡಿತ್ತು. ಅವರ ಹೊಸ ಆಟದಲ್ಲಿ ಟೊಪ್ಪಿಗೆ ಹಾಕಿದ ಹುಡುಗಿಯೊಬ್ಬಳು ಲೋಕದಿಂದ ಲೋಕಕ್ಕೆ ಹಾರಿಕೊಂಡು ಹೋಗುತ್ತಾಳೆ. ಹಿಮದ ಲೋಕ, ಮೋಡದ ಲೋಕ ಬೇರೆಯವರಿಗೆ ಹೋದವು. ಮೇಸ್ತ್ರಿಯ ಪಾಲಿಗೆ ಬಂದದ್ದು ಪಾಳುಬಿದ್ದ ಪುರಾತನ ನಗರ. ಎಲ್ಲರೂ ಅದನ್ನು ಹಾಳೂರು ಎನ್ನುತ್ತಿದ್ದರು. ಊರು ಕಟ್ಟುವುದಕ್ಕೆ ಜನ ಒದ್ದಾಡುತ್ತಾರೆ, ಹಾಳೂರು ಕಟ್ಟುವುದಕ್ಕೆ ಒದ್ದಾಡಿದವನು ಇವನೊಬ್ಬನೇ. ಕಂಬ ಎಲ್ಲಿ ಮುರಿದಿದ್ದರೆ ಹುಡುಗಿಗೆ ಎಟುಕುತ್ತದೆ, ಕಾಲಿಟ್ಟರೆ ಕುಸಿಯುವ ಮೆಟ್ಟಿಲು ಎಷ್ಟು ಹೊತ್ತು ತಾಳಬೇಕು, ನೀರು ಸೋರುವ ಗೋಡೆಯ ಯಾವ ಮಗ್ಗುಲಿಗೆ ಪಾಚಿ ಕಟ್ಟಬೇಕು, ಇದೇ ಯೋಚನೆಯಲ್ಲಿ ಅವನ ಕೂದಲೂ ಕೊಂಚ ಪಾಳುಬಿದ್ದಿತ್ತು. ನಗರದ ಕೊನೆಯಲ್ಲಿ ಕಲ್ಲುದೈತ್ಯನ ದೊಡ್ಡ ವಿಗ್ರಹ. ಹುಡುಗಿ ಅವನ ಮಡಿಲು ದಾಟುವಾಗ ದೈತ್ಯ ಎಚ್ಚೆತ್ತು, ಒಮ್ಮೆ ಹೂಂಕರಿಸಿ, ಕೈಯನ್ನು ಧೊಪ್ಪೆಂದು ಇಳಿಸುತ್ತಾನೆ.

ಆ ಹೂಂಕಾರವೇ ಮೇಸ್ತ್ರಿಯ ನೆಮ್ಮದಿ ಕೆಡಿಸಿದ್ದು.

ಆಟಕ್ಕೆ ಶಬ್ದ ಮಾಡುತ್ತಿದ್ದವಳಿಗೆ ಗಿಣಿ ಎಂದು ಅಡ್ಡಹೆಸರು. ಲಿಫ್ಟಿನ ಕಿರುಗುಟ್ಟುವಿಕೆಯಿಂದ ಹಿಡಿದು ಕಂಪನಿಯ ಯಜಮಾನಿ ಮೇಡಮ್ಮಿನ ಕೆಮ್ಮಿನವರೆಗೆ ಅವಳ ಗಂಟಲಿಗೆ ಬಾರದ್ದಿಲ್ಲ. ಮೇಸ್ತ್ರಿಯ ಕುರ್ಚಿಯ ಬೆನ್ನಿಗೇ ಅವಳ ಮೇಜು. ಅದರ ಮೇಲೆ ಯಾವಾಗಲೂ ಒಂದು ಮೈಕು. ಒಣ ರಸ್ಕು ಮುರಿದು ಮೆಟ್ಟಿಲು ಕುಸಿಸಿದಳು. ಬಚ್ಚಲುಮನೆಯ ನೆಲದ ಮೇಲೆ ಹೂಕುಂಡ ಎಳೆದು ಕಲ್ಲಿನ ಬಾಗಿಲು ತೆರೆಸಿದಳು. ದೈತ್ಯನ ಹೂಂಕಾರವನ್ನು ಮಾತ್ರ ಹೇಗೆ ಮಾಡಿದಳೆಂದು ಕೇಳಿದವರಿಗೆಲ್ಲ, "ಸಿಕ್ತು, ಹಿಡ್ಕೊಂಡೆ" ಎಂದು ಕಣ್ಣು ಮಿಟುಕಿಸುತ್ತಿದ್ದಳು.

"ಎಂಥಾ ಶಬ್ದ ಮಾರಾಯ್ತಿ" ಎಂದರು ಮೇಡಂ, ಆಡಿ ಮುಗಿಸಿ. "ಸಾವಿರ ವರ್ಷದ ಸಂಕಟ ಇದೆ ಅದರೊಳಗೆ."

"ಹ್ಞೂಂ" ಎಂದಿತು ಮೇಸ್ತ್ರಿಯ ಮೂಗು.

"ಕಂಬಗಳೂ ಚೆನ್ನಾಗಿವೆ ಮೇಡಂ" ಎಂದಳು ಗಿಣಿ.

"ಹಾಂ, ಕಂಬ ಇವೆ" ಎಂದರು ಮೇಡಂ.

ಇವೆ. ವರ್ಷವಿಡೀ ಕಲ್ಲು ಹೊತ್ತವನಿಗೆ ಎರಡಕ್ಷರ, ರಸ್ಕು ಮುರಿದವಳಿಗೆ ಸಾವಿರ ವರ್ಷ. ಮೇಸ್ತ್ರಿಯ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅಂದು ಮೇಡಂ ಇನ್ನೊಂದು ಸುದ್ದಿಯನ್ನೂ ಹೇಳಿದ್ದರು: ಬರುವ ವಾರ ದೊಡ್ಡ ಸಭಾಂಗಣದಲ್ಲಿ ಹಾಳೂರಿನ ಪ್ರದರ್ಶನ, ವೇದಿಕೆ ಹತ್ತಿ ಅದರ ಬಗ್ಗೆ ಮಾತಾಡುವವರು ಒಬ್ಬರೇ. ಯಾರೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಮೇಸ್ತ್ರಿಯ ಮಟ್ಟಿಗೆ ಆಗಿತ್ತು. ಸಂಜೆ ಮನೆಗೆ ಹೋಗುವಾಗ ಹೊಸ ಅಂಗಿ ಕೊಂಡ.

ಮನೆಯಲ್ಲಿ ಹೆಂಡತಿಯನ್ನು ಕೂರಿಸಿ ಆಟ ತೋರಿಸಿದ. ಕಂಬದ ಹತ್ತಿರ ಬೇಕೆಂದೇ ನಿಧಾನಿಸಿದ. ಅವಳು ಬಟ್ಟೆ ಮಡಿಸುತ್ತ ನೋಡುತ್ತಿದ್ದಳು. ದೈತ್ಯ ಹೂಂಕರಿಸಿದ. ಅವಳ ಕೈ ನಿಂತಿತು.

"ಇನ್ನೊಂದ್ಸಲ ಹಾಕಿ."

ಹಾಕಿದ. ಅವಳು ಮಡಿಸುತ್ತಿದ್ದ ಟವೆಲನ್ನೇ ಬಾಯಿಗೆ ಒತ್ತಿಕೊಂಡಳು.

"ಯಾಕೆ, ಏನಾಯ್ತು?"

"ಏನಿಲ್ಲ ರೀ. ಎಲ್ಲೋ ಕೇಳಿದ ಹಾಗಿದೆ."

"ಎಲ್ಲಿ?"

"ಮನೆ ತುಂಬ ಕೆಲಸ, ಎಲ್ಲಿ ಅಂತ ನೆನಪಿಟ್ಕೊಳ್ಳಲಿ. ಯಾರು ಮಾಡಿದ್ದು ಇದು? ಜಾಣೆ ಇದಾಳೆ ಬಿಡಿ."

"ಕಂಬ ಹೇಗಿದೆ?"

"ಯಾವ ಕಂಬ?"

"ಹ್ಞೂಂ" ಎಂದು ಮೇಸ್ತ್ರಿ ಲ್ಯಾಪ್‌ಟಾಪು ಮುಚ್ಚಿದ. ಹೆಂಡತಿ ಟವೆಲಿನ ಸಮೇತ ಅಡುಗೆಮನೆಗೆ ಓಡಿದಳು. ಕಟ್ಟಿಕೊಂಡವಳೂ ಆ ಕಡೆಯವಳಾದಳಲ್ಲ ಎಂದು ಅವನು ರಾತ್ರಿಯ ಊಟವನ್ನು ಅರ್ಧಕ್ಕೇ ಬಿಟ್ಟ.

ಮರುದಿನ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಒಂದು ಸಣ್ಣ ಕೆಲಸ ಮಾಡಿದ. ದೈತ್ಯನ ಮಡಿಲಿನ ಮುಂದೆ ಆಡುವವರಿಗೆ ಕಾಣದ ಒಂದು ಗೆರೆ ಇರುತ್ತದೆ. ಹುಡುಗಿ ಅದನ್ನು ದಾಟಿದರೆ ಹೂಂಕಾರ ಕೇಳುತ್ತದೆ. ಆ ಗೆರೆಯನ್ನು ಅವಳು ಹೋಗದ ಮೂಲೆಗೆ ಎಳೆದು ಬಿಟ್ಟ. ದೈತ್ಯ ಮೂಗನಾದ. ಈಗ ಕಣ್ಣಿಗೆ ಕೆಲಸ, ಕಿವಿಗೆ ರಜೆ. ಇನ್ನು ಕಂಬ ನೋಡದೆ ಎಲ್ಲಿಗೆ ಹೋಗುತ್ತಾರೆ ಎಂದು ಕಾದು ಕುಳಿತ.

ಆಟವನ್ನು ಪರೀಕ್ಷಿಸುವವರು ಬಂದು ಕುಳಿತರು. ಮೊದಲನೆಯವನು ದೈತ್ಯನ ಕೈಗೆ ಸಿಕ್ಕಿ ಅಪ್ಪಚ್ಚಿಯಾದ. ಎರಡನೆಯವಳೂ ಅಪ್ಪಚ್ಚಿ. ಮೇಡಂ ತಾವೇ ಕೂತು ಆಡಿದರು, ಅವರೂ ಅಪ್ಪಚ್ಚಿ.

"ಮೇಸ್ತ್ರೀ, ಇದು ಅನ್ಯಾಯದ ಹಂತ" ಎಂದರು ಮೇಡಂ. "ಮುನ್ಸೂಚನೆ ಇಲ್ಲದೆ ತಲೆ ಮೇಲೆ ಕೈ ಬಿದ್ರೆ ಜನ ರಿಮೋಟು ಎಸೀತಾರೆ. ಒಂದು ವರ್ಷ ಏನು ಕಟ್ಟಿದ್ರಿ ನೀವು?"

ಬೈಗುಳ ಗಿಣಿಗೆ ಬೀಳಬೇಕಿತ್ತು, ಬಿದ್ದದ್ದು ಇವನಿಗೆ. ಹೂಂಕಾರ ಕೇಳಿ ಜಿಗಿಯುವುದಕ್ಕೆಂದೇ ಆ ಕೈಯ ವೇಗವನ್ನು ಇಟ್ಟವನು ತಾನೇ ಎಂಬುದು ಹೊಟ್ಟೆಯ ಹೊಗೆಯಲ್ಲಿ ಅವನಿಗೆ ಕಂಡಿರಲಿಲ್ಲ. ಅವಳ ಒಂದು ಶಬ್ದ ತೆಗೆದರೆ ತನ್ನ ನಗರವೇ ಕುಸಿಯುತ್ತದೆ ಎಂದು ಈಗ ಕಂಡಿತು. ಕಂಡದ್ದರಿಂದ ಹೊಟ್ಟೆ ತಣ್ಣಗಾಗಲಿಲ್ಲ, ಇನ್ನಷ್ಟು ಉರಿಯಿತು.

ಗಿಣಿ ಕುರ್ಚಿ ತಿರುಗಿಸಿ ಮೆಲ್ಲಗೆ ಕೇಳಿದಳು: "ಮೇಸ್ತ್ರಿಗಳೇ, ಗೆರೆ ಏನಾದ್ರೂ ಜರುಗಿದೆಯಾ?"

"ಇರಬಹುದಮ್ಮಾ. ನೋಡ್ತೀನಿ."

"ನೋಡಿ. ಗೆರೆಗೂ ಒಮ್ಮೊಮ್ಮೆ ಮೂಡು ಕೆಡುತ್ತೆ."

ಅವನು ಮುಖ ಎತ್ತದೆ ಗೆರೆಯನ್ನು ಮತ್ತೆ ಮೊದಲಿನ ಜಾಗಕ್ಕೆ ತಂದಿಟ್ಟ. ಮೇಡಂ ಆಡಿದರು, ಹೂಂಕಾರ ಕೇಳಿ ಜಿಗಿದರು, ಗೆದ್ದರು. ಗೆದ್ದ ಖುಷಿಯಲ್ಲೇ ತೀರ್ಮಾನವೂ ಆಯಿತು: ವೇದಿಕೆ ಗಿಣಿಗೆ.

ಪ್ರದರ್ಶನದ ದಿನ ಮೇಸ್ತ್ರಿ ಹೊಸ ಅಂಗಿ ತೊಟ್ಟು ಮೂರನೆಯ ಸಾಲಿನಲ್ಲಿ ಕುಳಿತ, ಪಕ್ಕದಲ್ಲಿ ಹೆಂಡತಿ. ದೊಡ್ಡ ಪರದೆಯ ಮೇಲೆ ಅವನ ನಗರ ಬೆಳಗಿತು. ಕಂಬಗಳು ಬಂದವು, ಹೋದವು. ದೈತ್ಯ ಹೂಂಕರಿಸಿದಾಗ ಸಭೆಗೆ ಸಭೆಯೇ ಉಸಿರು ಹಿಡಿದು, ಆಮೇಲೆ ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲೆ ಗಿಣಿ ತಲೆಬಾಗಿದಳು. ಅಲ್ಲಿ ತಾನಿರಬೇಕಿತ್ತು ಎಂದು ಮೇಸ್ತ್ರಿ ಕುರ್ಚಿಯ ಕೈ ಹಿಂಡಿದ.

ಸಭೆಯಿಂದ ಮುದುಕರೊಬ್ಬರು ಎದ್ದು ಕೇಳಿದರು: "ಆ ಶಬ್ದ ಯಾವ ಪ್ರಾಣೀದಮ್ಮಾ?"

"ಸಾಧು ಪ್ರಾಣೀದು" ಎಂದಳು ಗಿಣಿ. "ನಾನು ಅದನ್ನು ತುಂಬ ನಿಧಾನ ಮಾಡಿ, ಹೂಕುಂಡ ಎಳೆದ ಸದ್ದು ಸೇರಿಸಿದೀನಿ ಅಷ್ಟೆ. ಅಸಲು ಹೇಗಿತ್ತು ಅಂತ ಕೇಳ್ತೀರಾ?"

ಒಂದು ಗುಂಡಿ ಒತ್ತಿದಳು. ಸಭಾಂಗಣದ ಸ್ಪೀಕರುಗಳಲ್ಲಿ ಮೊದಲು ಮೇಡಮ್ಮಿನ ದನಿ ಬಂತು: "ಗಿಣಿ, ಮೆಟ್ಟಿಲಿನ ಶಬ್ದ ಬಹಳ ಚೆನ್ನಾಗಿದೆ ಕಣೆ." ಅದರ ಬೆನ್ನಿಗೇ, ಮೂಗಿನಲ್ಲಿ ಹುಟ್ಟಿ ಎದೆಗಿಳಿದು ಬಾಲ ಎತ್ತಿ ನಿಂತ ಒಂದು "ಹ್ಞೂಂ".

ಆಫೀಸಿನವರೆಲ್ಲ ಒಟ್ಟಿಗೆ ಮೂರನೆಯ ಸಾಲಿನ ಕಡೆ ತಿರುಗಿದರು. ಆ ದನಿ ಅವರಿಗೆಲ್ಲ ದಿನಾ ಕೇಳಿ ಗೊತ್ತಿತ್ತು. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಎಲ್ಲೋ ಕೇಳಿದ ದನಿಯಲ್ಲವೇ ಎಂದುಕೊಂಡ ಮೇಸ್ತ್ರಿ. ಆಮೇಲೆ ಎಲ್ಲೆಂದು ಹೊಳೆಯಿತು. ಇಷ್ಟು ದಿನ ತನ್ನ ಹೊಟ್ಟೆ ಉರಿಸಿದ ಸಾವಿರ ವರ್ಷದ ಸಂಕಟ ತನ್ನದೇ. ಕಿವಿ ಕೆಂಪಾದವು, ಎದ್ದು ಹೋಗಲೇ ಎಂದುಕೊಂಡ. ಅಷ್ಟರಲ್ಲಿ ಗಿಣಿ, "ಮಾತು ಮುಗಿಸೋದು ನಾನಲ್ಲ. ಈ ನಗರ ಕಟ್ಟಿದವರೂ ಅವರೇ, ದೈತ್ಯನೂ ಅವರೇ. ಮೇಲೆ ಬನ್ನಿ ಮೇಸ್ತ್ರಿಗಳೇ. ಕಂಬದ ಬಗ್ಗೆ ಕೇಳೋಕೆ ಜನ ಕಾಯ್ತಿದಾರೆ" ಎಂದಳು.

ಮೇಸ್ತ್ರಿ ಬಾಯಿ ತೆರೆದ. ಬಾಯಿಗಿಂತ ಮೊದಲು ಮೂಗು ಹೊರಟಿತು.

"ಹ್ಞೂಂ."

ಮೂರನೆಯ ಸಾಲಿನಲ್ಲಿ ದೈತ್ಯ ಎಚ್ಚೆತ್ತದ್ದನ್ನು ಕೇಳಿ ಮುಂದಿನ ಸಾಲಿನವರೆಲ್ಲ ತಲೆ ಬಗ್ಗಿಸಿ ಕೈ ಬೀಳುವುದನ್ನು ಕಾಯುವವರಂತೆ ನಟಿಸಿದರು. ಸಭಾಂಗಣ ಬಿದ್ದೂ ಬಿದ್ದೂ ನಕ್ಕಿತು. ವೇದಿಕೆಯ ಮೆಟ್ಟಿಲು ಹತ್ತುತ್ತ ಹತ್ತುತ್ತ ಮೇಸ್ತ್ರಿಯ ಹೊಟ್ಟೆಯೂ ನಗುವಿಗೆ ಕುಲುಕಿತು, ಆಮೇಲೆ ಭುಜ. ಗಿಣಿ ಕೊಟ್ಟ ಮೈಕನ್ನು ಹಿಡಿದುಕೊಂಡು ಕಂಬದ ಕಡೆ ಬೆರಳು ತೋರಿಸಿ ಬಾಯಿ ತೆರೆದ. ಹೊರಟದ್ದು ನಗು. ಅದು ಸ್ಪೀಕರುಗಳನ್ನೆಲ್ಲ ತುಂಬಿಕೊಂಡು, ಸಭೆಯ ನಗುವನ್ನೂ ಹೆಂಡತಿಯ ನಗುವನ್ನೂ ಮುಳುಗಿಸಿಬಿಟ್ಟಿತು.